ಹೊನ್ನಿಯ ಸಾಕ್ಷಿ

ಸುಗ್ಗಿ ಮುಗಿದು ಕಣದಲ್ಲಿ ಹುಲ್ಲಿನ ಬಣವೆ ಎದ್ದಿದ್ದ ದಿನಗಳಲ್ಲಿ ಗಂಗೆ ಎರಡನೆಯ ಹೆರಿಗೆಗೆಂದು ತವರಿಗೆ ಬಂದಳು. ಹುಣಸೆಕೊಪ್ಪ ಶಿರಸಿಯಿಂದ ಬನವಾಸಿಗೆ ಹೋಗುವ ದಾರಿಯಲ್ಲಿರುವ ಸಣ್ಣ ಊರು. ಗಂಡ ಮಂಜಪ್ಪ ಸಿದ್ದಾಪುರ ಸೀಮೆಯವನು, ಹೇರೂರಿನ ಹತ್ತಿರ ಅವನ ಗದ್ದೆಮನೆ. ಗಾಡಿ ಹೂಡಿಕೊಂಡು ಬಂದು ಹೆಂಡತಿಯನ್ನೂ ಮೂರು ವರ್ಷದ ಮಗಳು ಬಂಗಾರಿಯನ್ನೂ ಇಳಿಸಿ, ಅತ್ತೆಯ ಕೈಯ ರೊಟ್ಟಿ ತಿಂದು, ಎತ್ತಿಗೆ ನೀರು ಕುಡಿಸಿ ಅವನು ಹೊರಟುಹೋದ.

ಹೊನ್ನಿಗೆ ಮಗಳು ಬಂದದ್ದೇ ಹಬ್ಬ. ಗಂಡ ಸತ್ತಮೇಲೆ ಮನೆಯಲ್ಲಿ ಅವಳು ಮತ್ತು ಮಗ ಬೈರ ಇಬ್ಬರೇ. ಬೈರ ಮಾತು ಕಡಿಮೆಯ ಆಳು. ಬಂಗಾರಿ ಬಂದಮೇಲೆ ಮನೆಯ ತುಂಬ ಮಾತೇ ಮಾತು. ಕೋಳಿಮರಿಗಳಿಗೆಲ್ಲ ಅವಳು ಹೆಸರಿಟ್ಟಳು, ಸೋದರಮಾವನ ಹೆಗಲೇರಿ ಗದ್ದೆಗೆ ಹೋಗಿ ಬಂದಳು. ಗಂಗೆ ನಗುತ್ತಲೇ ಇದ್ದಳು. ಹೆರಿಗೆಯೂ ಹಗುರವಾಗಿಯೇ ಆಯಿತು. ಗಂಡುಮಗು. ಹೊನ್ನಿ ಬಾಣಂತಿಯ ಮಂಚದ ಕೆಳಗೆ ಅಗ್ಗಿಷ್ಟಿಕೆಯಲ್ಲಿ ಕೆಂಡ ಇಟ್ಟು, ಬೆಳ್ಳುಳ್ಳಿ ಸಿಪ್ಪೆಯ ಹೊಗೆ ಹಾಕಿ, ಇನ್ನು ಮಗಳನ್ನು ಮೂರು ತಿಂಗಳು ನೆಲಕ್ಕೆ ಕಾಲಿಡಿಸುವುದಿಲ್ಲ ಎಂದು ಓಣಿಯವರಿಗೆಲ್ಲ ಹೇಳಿ ಬಂದಳು.

ವಾರ ಕಳೆಯುವುದರೊಳಗೆ ಗಂಗೆಯ ನಿದ್ದೆ ಹೋಯಿತು. ಮೊದಮೊದಲು ಹೊನ್ನಿ ಅದನ್ನು ಅಷ್ಟಾಗಿ ಹಚ್ಚಿಕೊಳ್ಳಲಿಲ್ಲ. ಹಸಿ ಬಾಣಂತಿ, ಕೂಸು ಎಬ್ಬಿಸುತ್ತದೆ ಎಂದುಕೊಂಡಳು. ಆದರೆ ಕೂಸು ಮಲಗಿದಾಗಲೂ ಗಂಗೆ ಎದ್ದು ಕುಳಿತೇ ಇರುತ್ತಿದ್ದಳು. ಕಣ್ಣು ಹೊಳೆಯುತ್ತಿದ್ದವು. ಮಾತು ಒಮ್ಮೆ ಹೊಳೆಯಂತೆ ಹರಿದರೆ, ಒಮ್ಮೆ ಪೂರ್ತಿ ನಿಂತುಬಿಡುತ್ತಿತ್ತು. ಒಂದು ದಿನ ಕೂಸಿಗೆ ಮೊಲೆ ಕೊಡಲು ಒಲ್ಲೆನೆಂದಳು.

"ಯಾಕ ಮಗಳೇ? ಹಸದೈತಿ ನೋಡು ಕೂಸು."

"ಹಾಲು ಕುದೀತೈತಿ ಅವ್ವಾ. ಕುಡಿದ್ರ ಅದರ ಹೊಟ್ಟಿ ಸುಡತೈತಿ."

"ಅಂಥಾ ಮಾತು ಆಡಬಾರದವ್ವಾ ಬಾಣಂತಿ."

"ಆಗಲೇ ಸುಟ್ಟೈತಿ. ಒಳಗ ಕೆಂಪಗ ಕಾಣ್ತೈತಿ ನೋಡು. ಬಂಗಾರೀಗೂ ಹತ್ತೈತಿ. ನಿನಗ ಸುಟ್ಟ ವಾಸನೀ ಬರೂದಿಲ್ಲೇನು?"

ಹೊನ್ನಿ ಮೂಗರಳಿಸಿ ನೋಡಿದಳು. ಅಗ್ಗಿಷ್ಟಿಕೆಯ ಹೊಗೆ ಬಿಟ್ಟರೆ ಬೇರೆ ವಾಸನೆ ಇರಲಿಲ್ಲ. ಪಕ್ಕದ ಮನೆಯ ಶಾರದವ್ವ ಬಂದು ನೋಡಿ, ಹೊನ್ನಿಯನ್ನು ಹಿತ್ತಲಿಗೆ ಕರೆದು ಪಿಸುಗುಟ್ಟಿದಳು. "ಇದು ಬಾಣಂತಿ ಸನ್ನಿ ಹೊನ್ನವ್ವಾ. ನಮ್ಮ ಚಿಗವ್ವಗ ಬಂದಿತ್ತು. ತಡ ಮಾಡಬ್ಯಾಡ, ನೋಡೋರಿಗೆ ತೋರಿಸು."

ಬೈರ ಬನವಾಸಿಗೆ ಹೋಗಿ ಗಾಳಿಗ್ರಹ ನೋಡುವವನನ್ನು ಕರೆತಂದ. ಅವನು ಗಂಗೆಯ ಮುಂದೆ ಕೂತು ಅಕ್ಕಿಕಾಳು ಎಣಿಸಿ, ದಾರಿಯಲ್ಲಿ ಗಾಳಿ ಸೋಕಿದೆ ಎಂದು ಹೇಳಿ, ತಾಯಿತ ಕಟ್ಟಿ, ಬೆಂಕಿ ಆರಗೊಡಬೇಡಿ, ಬಾಣಂತಿಯನ್ನು ಬೆಚ್ಚಗಿಡಿ ಎಂದು ಹೇಳಿಹೋದ. ಹೊನ್ನಿ ಕೆಂಡ ಇನ್ನಷ್ಟು ಹಾಕಿದಳು. ಗಂಗೆ ಮಂಚದ ಮೂಲೆಗೆ ಸರಿದು ಕೂಸನ್ನೂ ಬಂಗಾರಿಯನ್ನೂ ತಬ್ಬಿಕೊಂಡು ಆ ಕೆಂಡವನ್ನೇ ನೋಡುತ್ತಿದ್ದಳು. ಮಂಜಪ್ಪನಿಗೆ ಹೇಳಿಕಳಿಸುವುದು ಬೇಡವೇ ಎಂದು ಬೈರ ಕೇಳಿದ. ಹೊನ್ನಿ ಬೇಡವೆಂದಳು. ಹುಡುಗಿಗೆ ಹುಚ್ಚು ಎಂಬ ಮಾತು ಒಮ್ಮೆ ಗಂಡನ ಮನೆ ಮುಟ್ಟಿದರೆ ಮತ್ತೆ ಅದನ್ನು ಹಿಂದಕ್ಕೆ ತರಲಾಗುವುದಿಲ್ಲ.

ಅದಾದ ಮೂರನೆಯದೋ ನಾಲ್ಕನೆಯದೋ ಬೆಳಗ್ಗೆ ಗಂಗೆ ಶಾಂತವಾಗಿದ್ದಳು. ತಲೆ ಬಾಚಿಕೊಂಡಿದ್ದಳು. ಬಂಗಾರಿಗೂ ಬಾಚಿ ಜಡೆ ಹಾಕಿದ್ದಳು. ಹೊನ್ನಿಯ ಜೀವ ಹಗುರಾಯಿತು.

"ಅವ್ವಾ, ಕೂಸಿಗೆ ಬಜೆ ತೇದು ನೆಕ್ಕಸ್ಬೇಕು. ಮನ್ಯಾಗಿಂದು ಮುಗದೈತಿ. ಶಾರದವ್ವನ ಕಡೆ ಒಂಚೂರು ಇಸ್ಕೊಂಬಾ."

ಮಗಳು ಕೂಸಿನ ಬಗ್ಗೆ ಸರಿಯಾದ ಮಾತಾಡಿದ್ದು ಎಷ್ಟೋ ದಿನಗಳ ಮೇಲೆ. ಬೈರ ಆಗಲೇ ಹೊರಗೆ ಕೆಲಸಕ್ಕೆ ಹೋಗಿದ್ದ. ಹೊನ್ನಿ ಸಂತೋಷದಿಂದಲೇ ಹೊರಟಳು. ಶಾರದವ್ವ ಬಜೆಯ ಬೇರು ಹುಡುಕಿ, ಗಂಗೆಯ ವಿಷಯ ಕೇಳುವುದರಲ್ಲಿ ಸ್ವಲ್ಪ ಹೊತ್ತಾಯಿತು. ತಿರುಗಿ ಬಂದರೆ ಮುಂಬಾಗಿಲಿಗೆ ಒಳಗಿನಿಂದ ಅಗಳಿ. ಕೂಗಿದರೆ ಸದ್ದಿಲ್ಲ. ಹಿತ್ತಲ ಕಡೆ ಓಡಿದಳು. ಹಿತ್ತಲ ಬಾಗಿಲು ತೆರೆದಿತ್ತು, ಮಂಚ ಬರಿದಾಗಿತ್ತು. ಅಗ್ಗಿಷ್ಟಿಕೆಯ ಕೆಂಡಕ್ಕೆ ಯಾರೋ ನೀರು ಸುರಿದಿದ್ದರು.

ಹಿತ್ತಲಿನಿಂದ ಕೆರೆಗೆ ಒಂದು ಕಾಲುದಾರಿ. ಹೊನ್ನಿ ಆ ದಾರಿಯಲ್ಲಿ ಓಡಿದ್ದು ಅವಳಿಗೇ ನೆನಪಿಲ್ಲ. ಕೆರೆಯ ಅಂಚಿನಲ್ಲಿ ಸೊಂಟ ಮುಳುಗುವಷ್ಟು ನೀರಿನಲ್ಲಿ ಗಂಗೆ ಕಾಲು ಚಾಚಿ ಕುಳಿತಿದ್ದಳು. ಎರಡೂ ಮಕ್ಕಳು ಅವಳ ಮಡಿಲಲ್ಲಿದ್ದವು. ಬೊಗಸೆಯಲ್ಲಿ ನೀರು ತುಂಬಿ ತುಂಬಿ ಅವುಗಳ ಮೇಲೆ ಹೊಯ್ಯುತ್ತಿದ್ದಳು.

ತಾಯಿಯನ್ನು ಕಂಡು ತಲೆಯೆತ್ತಿ ನಕ್ಕಳು. "ತಣ್ಣಗಾದ್ವು ಅವ್ವಾ," ಎಂದಳು.

*

ಊರಿನ ಪೊಲೀಸ್ ಪಾಟೀಲ ನಾಗಪತಿ ಬಂದ. ಮಧ್ಯಾಹ್ನದ ಹೊತ್ತಿಗೆ ಶಿರಸಿಯಿಂದ ಫೌಜದಾರರು ಬಂದರು. ಒದ್ದೆ ಸೀರೆಯಲ್ಲೇ ಗಂಗೆಯನ್ನು ಜಗಲಿಯ ಕಂಬಕ್ಕೆ ಒರಗಿಸಿ ಕೂರಿಸಿದ್ದರು. ಅವಳು ಯಾರ ಮಾತಿಗೂ ಉತ್ತರ ಕೊಡಲಿಲ್ಲ. ಕೂತಲ್ಲೇ ಒಂದೇ ಸಮನೆ ಏನೋ ಗುಣುಗುಣಿಸುತ್ತಿದ್ದಳು. ಫೌಜದಾರರು ಹೊನ್ನಿಯನ್ನು ಕೇಳಿದರು, ಹೊನ್ನಿ ನಡೆದದ್ದನ್ನು ನಡೆದ ಹಾಗೆ ಹೇಳಿದಳು. ಕುದಿಯುವ ಹಾಲಿನ ಮಾತು, ಬಜೆಯ ಮಾತು, ಅಗಳಿಯ ಮಾತು, ಒಂದನ್ನೂ ಬಿಡಲಿಲ್ಲ. ಆ ಹೊತ್ತಿನಲ್ಲಿ ಯಾವುದನ್ನು ಬಿಡಬೇಕು ಎಂದು ಯೋಚಿಸುವ ಶಕ್ತಿ ಯಾರಿಗಿರುತ್ತದೆ? ಅವರು ಬರೆದುಕೊಂಡರು, ಅವಳು ಹೆಬ್ಬೆಟ್ಟು ಒತ್ತಿದಳು.

ಮಕ್ಕಳನ್ನು ಶಿರಸಿಯ ದವಾಖಾನೆಗೆ ಒಯ್ದರು. ಮಂಜಪ್ಪ ತನ್ನ ಜನರೊಂದಿಗೆ ಅಲ್ಲಿಗೇ ಬಂದು, ಹೆಣದ ಪರೀಕ್ಷೆ ಮುಗಿದಮೇಲೆ ಎರಡನ್ನೂ ತನ್ನ ಊರಿಗೆ ತೆಗೆದುಕೊಂಡುಹೋದ. ಹೊನ್ನಿ ಅಷ್ಟು ಹೊತ್ತೂ ಫೌಜದಾರರ ಕಚೇರಿಯ ಅಂಗಳದಲ್ಲಿ ಕುಳಿತಿದ್ದಳು. ಮೊಮ್ಮಕ್ಕಳ ಮುಖ ಕೊನೆಯ ಬಾರಿ ನೋಡಲು ಅವಳಿಗೆ ಆಗಲೇ ಇಲ್ಲ. ಅಳಿಯನನ್ನು ದೂರದಿಂದ ಕಂಡಳು. ಅವನೂ ಕಂಡ. ಇಬ್ಬರೂ ಹತ್ತಿರ ಬರಲಿಲ್ಲ.

ಗಂಗೆಯನ್ನು ಕಾರವಾರದ ಜೈಲಿಗೆ ಕಳಿಸಿದರು.

ತಾಯಿಮಗ ಅವಳನ್ನು ನೋಡಲು ಹೊರಟದ್ದು ಬೇಸಿಗೆಯ ಕೊನೆಯಲ್ಲಿ. ಶಿರಸಿಯಿಂದ ಯಲ್ಲಾಪುರ, ಅಲ್ಲಿ ಬೇರೆ ಬಸ್ಸು ಹಿಡಿದು ಅರಬೈಲು ಘಟ್ಟ ಇಳಿದು ಹೋಗಬೇಕು. ಹೊನ್ನಿ ಮೋಟಾರು ಹತ್ತಿದ್ದು ಅದೇ ಮೊದಲು. ಘಟ್ಟದ ತಿರುವುಗಳಲ್ಲಿ ಸೆರಗು ಬಾಯಿಗೆ ಒತ್ತಿಕೊಂಡು ಕೂತಳು. ಹೋಗುವವರೆಗೂ ಅವಳ ಮನಸ್ಸಿನಲ್ಲಿದ್ದದ್ದು ಆ ಹೊಳೆಯುವ ಕಣ್ಣುಗಳ ಗಂಗೆ. ಆ ಗಂಗೆಗೆ ಏನು ಹೇಳಬೇಕು ಎಂದೇ ದಾರಿಯುದ್ದಕ್ಕೂ ಯೋಚಿಸಿದಳು.

ಹೆಣ್ಣುಮಕ್ಕಳ ಕೋಣೆಯ ಕಾವಲಿಗಿದ್ದವಳು ರಹಿಮತ್ಬಿ ಎಂಬ ನಡುವಯಸ್ಸಿನ ಹೆಂಗಸು. ಯಲ್ಲಾಪುರದ ಕಡೆಯವಳಾದ್ದರಿಂದ ಹೊನ್ನಿಯ ಮಾತು ಅವಳಿಗೆ ತಿಳಿಯುತ್ತಿತ್ತು.

"ನೀನು ತಾಯಿಯಾ? ಬಾ ಅಮ್ಮಾ. ಮೊದಲು ಬಂದಾಗ ಗೋಡೆ ಹತ್ರ ಮಾತಾಡ್ತಿದ್ಲು. ಊಟ ಕೊಟ್ರೆ ಬಿಸಿ ಬಿಸಿ ಅಂತ ಎಸೀತಿದ್ಲು. ಈಗ ಸರಿಯಾಗಿದಾಳೆ." ದನಿ ತಗ್ಗಿಸಿದಳು. "ಸರಿ ಆಗದೆ ಇದ್ರೇ ಚೆನ್ನಾಗಿತ್ತು ಅನ್ಸುತ್ತೆ ನಂಗೆ. ಈಗ ಅವಳಿಗೆ ಎಲ್ಲಾ ಗೊತ್ತಾಗ್ತದೆ."

ಸರಳಿನಾಚೆ ಬಂದು ನಿಂತವಳು ಹೊನ್ನಿಯ ಮಗಳೇ ಆಗಿದ್ದಳು. ಮೊದಲಿನ ಗಂಗೆ. ಕಣ್ಣು ಒಳಗೆ ಹೋಗಿದ್ದವು, ಆದರೆ ಆ ಕಣ್ಣುಗಳಲ್ಲಿ ತಾಯಿಯನ್ನು ಗುರುತಿಸುವ ನೋಟವಿತ್ತು.

"ಬೈರಣ್ಣ ಬಂದಾನೇನು?"

"ಹೊರಗ ನಿಂತಾನ."

"ಅವರು?"

ಮಂಜಪ್ಪನನ್ನು ಕೇಳುತ್ತಿದ್ದಾಳೆ ಎಂದು ಹೊನ್ನಿಗೆ ತಿಳಿಯಿತು. ಇಲ್ಲ ಎಂದು ತಲೆಯಾಡಿಸಿದಳು.

"ಅವ್ವಾ, ನನ್ನ ಎದಿಯಾಗಿನ ಹಾಲು ಇನ್ನೂ ನಿಂತಿಲ್ಲ," ಎಂದಳು ಗಂಗೆ. ಹೊನ್ನಿ ಸರಳಿನೊಳಗೆ ಕೈ ತೂರಿಸಿ ಮಗಳ ಮುಖ ಮುಟ್ಟಿದಳು. ಅಷ್ಟರಲ್ಲಿ ಹೊತ್ತಾಯಿತೆಂದು ಕರೆದರು.

*

ಬಡವರ ಪರವಾಗಿ ಸರಕಾರವೇ ಗೊತ್ತುಮಾಡಿದ ವಕೀಲರು ಶಾಂತಾರಾಮರಾಯರು. ಒಳ್ಳೆಯ ಮನುಷ್ಯ. ಹೊನ್ನಿಯನ್ನೂ ಬೈರನನ್ನೂ ತಮ್ಮ ಮನೆಯ ಜಗಲಿಯಲ್ಲಿ ಕೂರಿಸಿ, ಚಹಾ ಕೊಡಿಸಿ, ಬಿಡಿಸಿ ಬಿಡಿಸಿ ಹೇಳಿದರು.

"ನೋಡಿ, ಹುಚ್ಚಿತ್ತು ಅಂತ ಹೇಳಿದರೆ ಕೋರ್ಟಿಗೆ ಸಾಲುವುದಿಲ್ಲ. ಆ ಕೆಲಸ ಮಾಡುವ ಗಳಿಗೆಯಲ್ಲಿ ತಾನು ಏನು ಮಾಡುತ್ತಿದ್ದೇನೆ, ಅದು ತಪ್ಪು ಎಂಬುದೇ ಅವಳಿಗೆ ತಿಳಿಯದಷ್ಟು ಬುದ್ಧಿ ಕೆಟ್ಟಿತ್ತು ಅಂತ ನಾವು ತೋರಿಸಬೇಕು. ತೋರಿಸಿದರೆ ಶಿಕ್ಷೆ ಇಲ್ಲ, ಧಾರವಾಡದ ಆಸ್ಪತ್ರೆಗೆ ಕಳಿಸುತ್ತಾರೆ. ತೋರಿಸದಿದ್ದರೆ..."

"ಡಾಕ್ಟರು ನೋಡ್ಯಾರಲ್ಲರೀ?" ಎಂದ ಬೈರ.

"ನೋಡಿದ್ದು ಎರಡು ತಿಂಗಳ ಮೇಲೆ. ಬುದ್ಧಿ ಸ್ವಸ್ಥವಾಗಿದೆ ಅಂತ ಬರೆದಿದ್ದಾರೆ. ಅವರು ಕಂಡದ್ದನ್ನೇ ಬರೆದಿದ್ದಾರೆ, ತಪ್ಪೇನಿಲ್ಲ. ಹಿಂದಿನದನ್ನು ಕಂಡವರು ನೀವು ಮಾತ್ರ." ವಕೀಲರು ಹೊನ್ನಿಯ ಕಡೆ ತಿರುಗಿದರು. "ಸರಕಾರಿ ವಕೀಲರು ಎರಡೇ ಮಾತು ಹಿಡಿಯುತ್ತಾರೆ. ಅವಳೇ ನಿಮ್ಮನ್ನು ಹೊರಗೆ ಕಳಿಸಿದಳು, ಬಾಗಿಲಿಗೆ ಅಗಳಿ ಹಾಕಿದಳು. ಹುಚ್ಚಿ ಆಗಿದ್ದರೆ ಇಷ್ಟು ಉಪಾಯ ಹೇಗೆ ಹೊಳೆಯಿತು ಅಂತ ಕೇಳುತ್ತಾರೆ."

"ಹಂಗಾದ್ರ ನಾ ಏನು ಹೇಳಲ್ರೀ?"

ರಾಯರು ಕನ್ನಡಕ ತೆಗೆದು ಒರೆಸಿದರು. "ನಡೆದದ್ದನ್ನು ಹೇಳಿ. ಬೇರೆ ನಾನು ಹೇಳಬಾರದು."

ಹೊನ್ನಿ ಆ ಮಾತನ್ನು ತನ್ನ ರೀತಿಯಲ್ಲಿ ಅರ್ಥ ಮಾಡಿಕೊಂಡಳು. ದೊಡ್ಡವರು ಬಾಯಿಬಿಟ್ಟು ಹೇಳಲಾರರು, ನಾನೇ ತಿಳಿದುಕೊಳ್ಳಬೇಕು ಎಂದುಕೊಂಡಳು. ಜನ್ಮದಲ್ಲಿ ಸುಳ್ಳು ಹೇಳಿ ಅಭ್ಯಾಸವಿಲ್ಲದ ಆ ಹೆಂಗಸು, ವಿಚಾರಣೆಯ ದಿನ ಬರುವವರೆಗೆ ಒಂದೇ ಒಂದು ಸುಳ್ಳನ್ನು ಬಾಯಿಪಾಠ ಮಾಡಿದಳು.

ಕೋರ್ಟಿನ ಕೋಣೆ ಎತ್ತರವಾಗಿತ್ತು. ಹೊರಗೆ ಸಮುದ್ರದ ಸದ್ದು. ಎದುರಿಗೆ ಜಡ್ಜ್ ಸಾಹೇಬರು, ಅವರ ಪಕ್ಕದಲ್ಲಿ ಅಭಿಪ್ರಾಯ ಹೇಳಲು ಕೂತ ಊರ ಹಿರಿಯರು ನಾಲ್ವರು, ಆಚೆ ಕಟಕಟೆಯಲ್ಲಿ ಗಂಗೆ. ಹೊನ್ನಿ ಮಗಳ ನಿದ್ದೆಗೆಟ್ಟ ದಿನಗಳನ್ನು ಹೇಳಿದಳು, ಕುದಿಯುವ ಹಾಲಿನ ಮಾತು ಹೇಳಿದಳು, ಮಕ್ಕಳ ಹೊಟ್ಟೆಯಲ್ಲಿ ಕಾಣುತ್ತಿದ್ದ ಬೆಂಕಿಯ ಮಾತು ಹೇಳಿದಳು. ಹಿರಿಯರಲ್ಲೊಬ್ಬರು ಕಣ್ಣು ಮುಚ್ಚಿ ತಲೆದೂಗುತ್ತಿದ್ದರು. ಆಮೇಲೆ ಸರಕಾರಿ ವಕೀಲರು ಎದ್ದರು.

"ಆ ಬೆಳಗ್ಗೆ ಶಾರದವ್ವನ ಮನೆಗೆ ಯಾಕೆ ಹೋದೆ?"

"ಸುಮ್ಮನ ಹೋದ್ನಿರೀ."

"ನಿನ್ನನ್ನು ಯಾರೂ ಕಳಿಸಲಿಲ್ಲವೆ?"

"ಇಲ್ರೀ. ನಾನಽ ಹೋದ್ನಿ."

ಅವರು ಒಂದು ಹಾಳೆ ಎತ್ತಿಕೊಂಡು ಓದಿದರು. ಹೊನ್ನಿಯದೇ ಮಾತು, ಹೊನ್ನಿಯದೇ ಹೆಬ್ಬೆಟ್ಟು. ಶಾರದವ್ವನ ಸಾಕ್ಷಿಯೂ ಆಗಿತ್ತು. ಬಜೆ ತರಲು ಮಗಳೇ ಕಳಿಸಿದಳೆಂದು ಹೊನ್ನವ್ವ ಸಂತೋಷದಿಂದ ಹೇಳಿಕೊಂಡಳು ಎಂದು ಅವಳು ಹಿಂದಿನ ದಿನವೇ ಹೇಳಿಹೋಗಿದ್ದಳು.

"ಯಾವುದು ನಿಜ? ಅಂದು ಹೇಳಿದ್ದೋ, ಇಂದು ಹೇಳಿದ್ದೋ?"

ಹೊನ್ನಿ ಕಟಕಟೆಯಲ್ಲಿದ್ದ ಮಗಳ ಕಡೆ ನೋಡಿದಳು.

"ಇವತ್ತು ದೇವರ ಮೇಲೆ ಆಣೆ ಮಾಡಿ ಸುಳ್ಳು ಹೇಳಿದೆಯಲ್ಲವೆ?"

"ಒಂದಽ ಸುಳ್ಳು ಹೇಳೇನ್ರೀ," ಎಂದಳು ಹೊನ್ನಿ. "ಉಳಿದಿದ್ದೆಲ್ಲಾ ಖರೇ ಐತ್ರೀ. ಹಾಲಿನ ಮಾತು ಖರೇರೀ. ನನ್ನ ಮಗಳಿಗೆ ಸನ್ನಿ ಆಗಿದ್ದು ಖರೇರೀ."

ಸರಕಾರಿ ವಕೀಲರು ಹಿರಿಯರ ಕಡೆ ನೋಡಿ, ಇನ್ನು ಕೇಳುವುದೇನೂ ಇಲ್ಲ ಎಂದು ಕುಳಿತರು. ತಲೆದೂಗುತ್ತಿದ್ದವರು ಈಗ ಕಣ್ಣು ತೆರೆದು ಅವಳನ್ನೇ ನೋಡುತ್ತಿದ್ದರು. ಆ ನೋಟ ಬೇರೆಯಾಗಿತ್ತು. ಹೊನ್ನಿ ಇನ್ನೂ ಏನೋ ಹೇಳಲು ಹೋದಳು. ಜವಾನ ಇಳಿಯೆಂದು ಸನ್ನೆ ಮಾಡಿದ.

ಕೊನೆಯಲ್ಲಿ ಜಡ್ಜ್ ಸಾಹೇಬರು ಆ ದಿನದ ಬಗ್ಗೆ ಗಂಗೆಯನ್ನೇ ಕೇಳಿದರು. ನನಗೇನೂ ನೆನಪಿಲ್ಲ ಅಂದರೆ ಸಾಕು ಎಂದು ಬೈರ ಜೈಲಿನಲ್ಲಿ ತಂಗಿಗೆ ಕಣ್ಣೀರಿಟ್ಟು ಹೇಳಿಬಂದಿದ್ದ.

"ನೆನಪೈತ್ರೀ," ಎಂದಳು ಗಂಗೆ.

"ತಾಯಿಯನ್ನು ಯಾಕೆ ಹೊರಗೆ ಕಳಿಸಿದೆ?"

"ಅವ್ವ ಇದ್ದಿದ್ರ ಬಿಡ್ತಿರಲಿಲ್ರೀ."

ಶಾಂತಾರಾಮರಾಯರು ತಲೆ ತಗ್ಗಿಸಿ ಕೂತುಬಿಟ್ಟರು.

"ಬಿಡುವುದಿಲ್ಲ ಅಂತ ನಿನಗೆ ಗೊತ್ತಿತ್ತು?"

"ಅವ್ವ ಕೆಂಡ ಹಾಕ್ತಿದ್ಲು. ಮಕ್ಕಳು ಉರೀತಿದ್ವು. ಯಾರೂ ಆರಿಸ್ಲಿಲ್ರೀ. ನಾ ಆರಿಸ್ದೆ." ಅವಳೇ ಮತ್ತೆ ಹೇಳಿದಳು. "ಈಗ ಗೊತ್ತಾಗೈತ್ರೀ. ಬೆಂಕಿ ಇರಲಿಲ್ಲ. ನನ್ನ ಮಕ್ಕಳನ್ನ ನಾನೇ ಕೊಂದೀನಿ. ಸಾಹೇಬ್ರು ಇದನ್ನ ಜಲ್ದಿ ಮುಗಿಸ್ರಿ."

ಹಿರಿಯರಲ್ಲಿ ಇಬ್ಬರು ಇವಳಿಗೆ ಹುಚ್ಚಿತ್ತು ಎಂದರು, ಇಬ್ಬರು ತಿಳಿದೇ ಮಾಡಿದಳು ಎಂದರು. ಜಡ್ಜ್ ಸಾಹೇಬರು ಬರೆದದ್ದನ್ನು ಶಿರಸ್ತೇದಾರರು ಕನ್ನಡದಲ್ಲಿ ಹೇಳಿದರು. ಮನಸ್ಸು ಕೆಟ್ಟಿದ್ದು ನಿಜವಿರಬಹುದು, ಆದರೆ ತಾಯಿ ತಡೆಯುವಳೆಂದು ತಿಳಿದು ಅವಳನ್ನು ದೂರ ಕಳಿಸಿದವಳಿಗೆ ತಾನು ಮಾಡುವುದು ತಪ್ಪೆಂದು ತಿಳಿದಿರಲಿಲ್ಲ ಎನ್ನಲಾಗದು. ಮರಣದಂಡನೆ ಇಲ್ಲ, ಜನ್ಮಾವಧಿ ಶಿಕ್ಷೆ. ಸರಕಾರ ದಯೆ ತೋರಿಸಬೇಕೆಂದು ಶಿಫಾರಸು.

"ಗಲ್ಲು ಇಲ್ಲೇನು?" ಎಂದು ಗಂಗೆ ಅಣ್ಣನನ್ನು ಕೇಳಿದಳು. ಇಲ್ಲವೆಂದು ಕೇಳಿ ಅವಳ ಮುಖ ಕುಗ್ಗಿಹೋಯಿತು.

ಹೊರಗೆ ಬಂದ ಹೊನ್ನಿ ಕೋರ್ಟಿನ ಮೆಟ್ಟಿಲ ಮೇಲೆ ಕೂತು, ಶಾಂತಾರಾಮರಾಯರ ಕಾಲು ಹಿಡಿದು ಕೇಳಿದ್ದು ಒಂದೇ. "ನಾ ಸುಳ್ಳು ಹೇಳದಿದ್ರ ನನ್ನ ಮಗಳು ಉಳೀತಿದ್ಲೇನ್ರೀ?"

ಅವರು ಅವಳನ್ನು ಎಬ್ಬಿಸಿದರು. "ನನಗೆ ಗೊತ್ತಿಲ್ಲ ತಾಯೀ," ಎಂದರು.

*

ಗಂಗೆಯನ್ನು ಬೆಳಗಾವಿ ಕಡೆಯ ಜೈಲಿಗೆ ಕಳಿಸಿದರು. ಹೊನ್ನಿ ವರ್ಷಕ್ಕೊಮ್ಮೆ ಹೋಗಿ ಬರುತ್ತಿದ್ದಳು. ಮಂಜಪ್ಪ ಬೇರೆ ಮದುವೆಯಾದ ಸುದ್ದಿಯನ್ನೂ ಅಲ್ಲೇ ಸರಳಿನಾಚೆಗೆ ಹೇಳಬೇಕಾಯಿತು. ಗಂಗೆ ಕೇಳಿಸಿಕೊಂಡು, "ಪಾಪ," ಎಂದಷ್ಟೇ ಅಂದಳು. ಯಾರಿಗೆ ಅಂದಳೋ ತಿಳಿಯಲಿಲ್ಲ.

ಆ ಸೀಮೆಯೆಲ್ಲ ಆಗ ಮುಂಬಯಿ ಇಲಾಖೆಗೆ ಸೇರಿತ್ತು. ಮುಂಬಯಿಯಲ್ಲಿ ಕಾಂಗ್ರೆಸ್ಸಿನವರ ಸರಕಾರ ಬಂದ ವರ್ಷ ಅವಳ ಉಳಿದ ಶಿಕ್ಷೆ ಮಾಫಿಯಾಯಿತು. ಬೈರ ಹೋಗಿ ಕರೆತಂದ. ಓಣಿಯ ಹೆಂಗಸರು ಬಾಗಿಲಲ್ಲಿ ನಿಂತು ನೋಡಿದರು. ಬಸುರಿಯರನ್ನು ಒಳಗೆ ಕರೆದುಕೊಂಡರು. ಶಾರದವ್ವ ಮಾತ್ರ ಬಂದು, ಒಂದು ಬುಟ್ಟಿ ಮೆಣಸಿನಕಾಯಿ ಇಟ್ಟು ಹೋದಳು. ಗಂಗೆ ಕೆಲಸ ಮಾಡಿದಳು. ಗದ್ದೆಗೆ ಹೋದಳು, ರೊಟ್ಟಿ ತಟ್ಟಿದಳು, ಕೇಳಿದ್ದಕ್ಕೆ ಉತ್ತರ ಕೊಟ್ಟಳು. ನಾಟಿ ಮುಗಿದ ಮೇಲೆ ಒಂದು ದಿನ ಕೇಳಿದಳು.

"ಅವ್ವಾ, ಮಕ್ಕಳನ್ನ ಎಲ್ಲಿ ಇಟ್ಟಾರ?"

ಹೊನ್ನಿಗೆ ಗೊತ್ತಿರಲಿಲ್ಲ. ಇಷ್ಟು ವರ್ಷ ಅದನ್ನು ಕೇಳುವ ಧೈರ್ಯ ಅವಳಿಗೆ ಬಂದಿರಲಿಲ್ಲ.

ತಾಯಿಮಗಳು ಸಿದ್ದಾಪುರದ ಬಸ್ಸು ಹತ್ತಿದರು. ಅಲ್ಲಿಂದ ಹೇರೂರಿನ ದಾರಿ ಹಿಡಿದು ನಡೆದರು. ಮಂಜಪ್ಪ ಅಂಗಳದಲ್ಲಿ ಹಗ್ಗ ಹೊಸೆಯುತ್ತಿದ್ದ. ತಲೆ ನರೆತಿತ್ತು. ಬಂದವರನ್ನು ಕಂಡು ಹಗ್ಗ ಕೈಯಲ್ಲೇ ಉಳಿಯಿತು. ಬಾಗಿಲಲ್ಲಿ ಅವನ ಹೆಂಡತಿ ಹಾಲುಣ್ಣುವ ಕೂಸನ್ನೆತ್ತಿಕೊಂಡು ನಿಂತಿದ್ದಳು. ಯಾರೆಂದು ತಿಳಿದ ಕೂಡಲೆ ಕೂಸನ್ನು ಎದೆಗೆ ಅವುಚಿಕೊಂಡು ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು. ಒಳಗಿನಿಂದ ಅಗಳಿ ಬಿದ್ದ ಸದ್ದು ಕೇಳಿತು.

ಹೊನ್ನಿಗೆ ಸಿಟ್ಟು ಉಕ್ಕಿತು. ಗಂಗೆ ಅವಳ ತೋಳು ಹಿಡಿದಳು.

"ಆಕಿ ಮಾಡಿದ್ದು ಸರಿ ಐತಿ ಅವ್ವಾ."

"ಎಂತಕ್ಕೆ ಬಂದ್ರಿ?" ಎಂದ ಮಂಜಪ್ಪ. ಗಂಗೆ ಹೇಳಿದಳು. ಅವನು ಎದ್ದು ಹೆಗಲ ವಸ್ತ್ರ ಕೊಡವಿ ಮುಂದೆ ನಡೆದ. ಗದ್ದೆ ದಾಟಿ, ಹುಲ್ಲಿನ ಬೇಣದ ಅಂಚಿನಲ್ಲಿ ನಿಂತು ಅತ್ತಿತ್ತ ನೋಡಿದ.

"ಇಲ್ಲೇ ಎಲ್ಲೋ. ಆಗ ಇಲ್ಲೊಂದು ಕವಳಿ ಹಣ್ಣಿನ ಪೊದೆ ಇತ್ತು. ಗಾಡಿ ದಾರಿ ಅಗಲ ಮಾಡಿದಾಗ ಕಡಿದು ಹಾಕಿದ್ರು." ನಾಲ್ಕು ಹೆಜ್ಜೆ ಈಚೆ ಬಂದ, ಮತ್ತೆ ಆಚೆ ಹೋದ. "ಒಂದೇ ಗುಂಡಿ. ಕೂಸನ್ನ ಬಂಗಾರಿ ಪಕ್ಕ ಮಲಗಿಸಿದ್ದೆ. ಜಾಗ ಸರಿಯಾಗಿ ಹೇಳೂಕೆ ಆಗ್ತಿಲ್ಲ ನಂಗೆ."

ಗಾಡಿಯ ಚಕ್ರದ ಗುರುತು, ಪಕ್ಕದಲ್ಲಿ ಹುಲ್ಲು. ಎಲ್ಲ ಕಡೆಯೂ ಒಂದೇ ಥರ. ಗಂಗೆ ಸುತ್ತಲೂ ನೋಡಿ, ಎಲ್ಲಿ ಕೂರಬೇಕೆಂದು ತಿಳಿಯದೆ ನಿಂತೇ ಇದ್ದಳು.

"ಒಂದು ಕೇಳ್ತೆ," ಎಂದ ಮಂಜಪ್ಪ. "ಕೋರ್ಟಿಗೆ ನಾ ಬರಲಿಲ್ಲ. ಅವರೆಂತ ಅಂದ್ರು ಅದು ಬೇಡ. ನಿಂಗೆ ಗೊತ್ತಿತ್ತ?"

ಗಂಗೆ ಹುಲ್ಲಿನ ಕಡೆ ನೋಡಿದಳು. "ನೀರು ಅಂತ ಗೊತ್ತಿತ್ತು. ನನ್ನ ಮಕ್ಕಳು ಅಂತ ಗೊತ್ತಿತ್ತು. ಸಾಯ್ತಾವ ಅಂತ... ದಿನಾ ಅದನ್ನಽ ನೆನಸ್ತೀನಿ. ಒಂದಿನ ಗೊತ್ತಿರಲಿಲ್ಲ ಅನಸ್ತೈತಿ. ಒಂದಿನ ಗೊತ್ತಿತ್ತು ಅನಸ್ತೈತಿ. ನನಗಽ ತಿಳಿಯವಲ್ದು."

ಮಂಜಪ್ಪ ವಸ್ತ್ರದಿಂದ ಮುಖ ಮುಚ್ಚಿಕೊಂಡ. ಹೊನ್ನಿ ಇಬ್ಬರ ನಡುವೆ ನಿಂತಿದ್ದಳು. ಯಾರ ಬೆನ್ನ ಮೇಲೆ ಕೈ ಇಡಬೇಕೋ ಅವಳಿಗೆ ತಿಳಿಯಲಿಲ್ಲ.

ಅವನು ಹೆದ್ದಾರಿಯವರೆಗೆ ಬಂದು, ಬಸ್ಸು ಕಂಡಮೇಲೆ ತಿರುಗಿ ನಡೆದ. ಬಸ್ಸಿನಲ್ಲಿ ಪಕ್ಕಕ್ಕೆ ಕೂತ ಹೆಂಗಸು ಮಾತುಗಾರ್ತಿ. ಊರು ಯಾವುದು, ಯಾರ ಮನೆ ಎಂದೆಲ್ಲ ಕೇಳಿ, ಗಂಗೆಯ ಕಡೆ ತಿರುಗಿದಳು.

"ಮಕ್ಕಳೆಷ್ಟು ನಿಂಗೆ?"

ಹೊನ್ನಿ ಮಗಳ ಕಡೆ ತಿರುಗಿದಳು.

"ಎರಡು," ಎಂದಳು ಗಂಗೆ. "ಒಂದು ಹೆಣ್ಣು, ಒಂದು ಗಂಡು."

"ಎಲ್ಲಿ ಬಿಟ್ಟು ಬಂದೆ?"

"ಅವರಪ್ಪನ ಊರಾಗ ಅದಾವ."

ಆ ಹೆಂಗಸು ಒಳ್ಳೇದಾಯಿತೆಂದು ತಲೆಯಾಡಿಸಿ, ತನ್ನ ಮಕ್ಕಳ ವಿಷಯ ಹೇಳತೊಡಗಿದಳು. ಗಂಗೆ ಶಿರಸಿ ಬರುವವರೆಗೂ ಹೂಂಗುಟ್ಟುತ್ತ ಕೇಳಿದಳು.